ಸಿಂಡ್ರೆಲಾ, ಬಾತುಮರಿ, ಬೆತ್ತಲೆ ಅರಸ: ಇಂಗ್ಲಿಷ್ ಮಾತಿನಲ್ಲಿ ಯಾವ ಕಥೆ ಎಲ್ಲಿಗೆ ಸಲ್ಲುತ್ತದೆ?

1981ರ ಜುಲೈ 29ರಂದು ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೀಡ್ರಲಿನಲ್ಲಿ ರಾಜಕುಮಾರ ಚಾರ್ಲ್ಸ್ ಮತ್ತು ಡಯಾನಾ ಅವರ ಮದುವೆಯಾದಾಗ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ತಮ್ಮ ಪ್ರವಚನದಲ್ಲಿ ‘ಫೇರಿ ಟೇಲ್’ ಎಂಬ ಪದವನ್ನು ಬಳಸಿದರು; ಮದುವೆಯ ದಿನದ ರಾಜಕುಮಾರ, ರಾಜಕುಮಾರಿ, ಇಂಥದ್ದರಿಂದಲೇ ಆ ಕಥೆಗಳು ಆಗುವುದು ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. 2008ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪ್ರಚಾರ ಮಾಡುತ್ತಿದ್ದ ಬಿಲ್ ಕ್ಲಿಂಟನ್, ಇರಾಕ್ ಯುದ್ಧದ ಬಗೆಗಿನ ಬರಾಕ್ ಒಬಾಮ ಅವರ ನಿಲುವನ್ನು ಕುರಿತು ಹೇಳಲಾಗುತ್ತಿದ್ದುದೆಲ್ಲ ತಾವು ಕಂಡ ಅತಿ ದೊಡ್ಡ ಫೇರಿ ಟೇಲ್ ಎಂದರು. 2019ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯಲ್ಲಿ ಗ್ರೇಟಾ ಥುನ್‌ಬರ್ಗ್, ನೀವು ಮಾತಾಡುವುದೆಲ್ಲ ಹಣದ ಬಗ್ಗೆ ಮತ್ತು ಎಂದಿಗೂ ಮುಗಿಯದ ಆರ್ಥಿಕ ಬೆಳವಣಿಗೆಯೆಂಬ ಫೇರಿ ಟೇಲ್‌ಗಳ ಬಗ್ಗೆ ಎಂದು ಜಗತ್ತಿನ ನಾಯಕರನ್ನು ತರಾಟೆಗೆ ತೆಗೆದುಕೊಂಡರು.

ಒಂದೇ ಪದ ಒಂದೆಡೆ ಹಾರೈಕೆಯಾಗಿದೆ, ಇನ್ನೊಂದೆಡೆ ಸುಳ್ಳಿನ ಆರೋಪವಾಗಿದೆ, ಮತ್ತೊಂದೆಡೆ ಭ್ರಮೆಗೆ ಹಾಕಿದ ಛೀಮಾರಿಯಾಗಿದೆ. ಇಂಗ್ಲಿಷನ್ನು ಓದಿ ಕಲಿತ ನಮ್ಮಂಥವರು ಎಡವುವುದು ಇಂತಹ ಕಡೆಗಳಲ್ಲಿ. ನಿಘಂಟು ಪ್ರತಿಯೊಂದು ನುಡಿಗಟ್ಟಿಗೂ ಅರ್ಥ ಕೊಡುತ್ತದೆಯಾದರೂ, ಅಕ್ಕಪಕ್ಕದ ಎರಡು ನುಡಿಗಟ್ಟುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಬಹಳ ಕಾಲ ಅನುವಾದದ ಕೆಲಸ ಮಾಡಿದ ಮೇಲೆ ನನಗೆ ಮನವರಿಕೆಯಾದ ಒಂದು ಸಂಗತಿಯನ್ನೇ ಈ ಹೋಲಿಕೆಗೆ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ: ಕಥೆಯಿಂದ ಹುಟ್ಟಿದ ನುಡಿಗಟ್ಟು ಇಡೀ ಕಥೆಯನ್ನು ಹೊತ್ತು ತರುವುದಿಲ್ಲ, ಅದರ ಒಂದೇ ಒಂದು ದೃಶ್ಯವನ್ನು ತರುತ್ತದೆ. ಕಥೆ ಗೊತ್ತಿದೆ ಎಂಬ ಧೈರ್ಯದಿಂದ ನುಡಿಗಟ್ಟನ್ನು ಬಳಸುವವರು ತಪ್ಪುವುದು, ತಮ್ಮ ಮನಸ್ಸಿನಲ್ಲಿರುವ ದೃಶ್ಯವೂ ಕೇಳುವವರ ಮನಸ್ಸಿನಲ್ಲಿರುವ ದೃಶ್ಯವೂ ಬೇರೆಬೇರೆಯಾದಾಗ.

ಹೊಗಳಿಕೆಯೋ, ಆರೋಪವೋ

‘ಫೇರಿ ಟೇಲ್’ ಎಂಬ ಪದದಿಂದಲೇ ತೊಡಗೋಣ. ಈ ಹೆಸರು ಫ್ರೆಂಚಿನಿಂದ ಬಂದದ್ದು; ಮದಾಮ್ ದೊಲ್ನೊಯ್ ಎಂಬ ಲೇಖಕಿ 1697ರಲ್ಲಿ ತಮ್ಮ ಸಂಗ್ರಹಕ್ಕೆ ‘ಫೇರಿಗಳ ಕಥೆಗಳು’ ಎಂಬ ಅರ್ಥದ ಹೆಸರಿಟ್ಟಿದ್ದರು. ಇಂಗ್ಲಿಷರು ಆ ಹೆಸರಿನಿಂದ ಕರೆಯುವ ಎಷ್ಟೋ ಕಥೆಗಳಲ್ಲಿ ಫೇರಿಯ ಸುಳಿವೇ ಇಲ್ಲ. ಆದ್ದರಿಂದ ಇದನ್ನು ‘ಕಿನ್ನರಿಯ ಕಥೆ’ ಎಂದು ಅಕ್ಷರಶಃ ಕನ್ನಡಕ್ಕೆ ತಂದು, ಅಲ್ಲಿಂದ ಅರ್ಥವನ್ನು ಊಹಿಸಲು ಹೊರಡುವುದು ಸರಿಯಾದ ದಾರಿಯಲ್ಲ.

ಈ ಪದ ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನು ಬಹುಮಟ್ಟಿಗೆ ವಾಕ್ಯದಲ್ಲಿ ಅದು ಕುಳಿತಿರುವ ಜಾಗವೇ ತೀರ್ಮಾನಿಸುತ್ತದೆ. ಇನ್ನೊಂದು ನಾಮಪದದ ಮುಂದೆ ವಿಶೇಷಣವಾಗಿ ನಿಂತಾಗ, ಅಂದರೆ ‘ಫೇರಿ ಟೇಲ್ ವೆಡ್ಡಿಂಗ್’, ‘ಫೇರಿ ಟೇಲ್ ರೊಮಾನ್ಸ್’, ‘ಫೇರಿ ಟೇಲ್ ಕ್ಯಾಸಲ್’ ಎಂಬಂತಹ ಕಡೆಗಳಲ್ಲಿ, ಅದು ನಂಬಲಾಗದಷ್ಟು ಚೆಂದ ಎಂಬ ಮೆಚ್ಚುಗೆಯನ್ನು ಹೇಳುತ್ತದೆ. ‘ಲೈಕ್’ ಎಂಬ ಪದದ ಜೊತೆ ಬಂದಾಗಲೂ, ಅಂದರೆ ‘ಇಟ್ ವಾಸ್ ಲೈಕ್ ಎ ಫೇರಿ ಟೇಲ್’ ಎಂದಾಗಲೂ, ಅದೇ ಮೆಚ್ಚುಗೆ ಉಳಿಯುತ್ತದೆ. ಆದರೆ ಒಬ್ಬರು ಹೇಳಿದ ಮಾತನ್ನೋ ಕೊಟ್ಟ ಲೆಕ್ಕವನ್ನೋ ತೋರಿಸಿ ‘ದಟ್ಸ್ ಎ ಫೇರಿ ಟೇಲ್’ ಎಂದರೆ, ನೀವು ಹೇಳುತ್ತಿರುವುದು ಸುಳ್ಳು ಎಂದು ಮುಖಕ್ಕೆ ಹೇಳಿದಂತೆ. ಕ್ಲಿಂಟನ್ ಅವರ ವಾಕ್ಯ ಈ ಎರಡನೆಯ ರಚನೆಯಲ್ಲಿತ್ತು. ಆ ಮಾತಿಗೆ ಅವರು ಟೀಕೆಯನ್ನೂ ಎದುರಿಸಬೇಕಾಯಿತು. ಬ್ರಿಟಿಷರು ಸುಳ್ಳು ಎಂಬ ಅರ್ಥಕ್ಕೆ ‘ಫೇರಿ ಸ್ಟೋರಿ’ ಎಂಬ ರೂಪವನ್ನೂ ಬಳಸುತ್ತಾರೆ.

ಕನ್ನಡದಲ್ಲಿ ಈ ಎರಡನೆಯ ಅರ್ಥಕ್ಕೆ ಸರಿಸಾಟಿಯಾದ ಮಾತುಗಳು ಹೇರಳವಾಗಿವೆ. ‘ಕಾಗಕ್ಕ ಗುಬ್ಬಕ್ಕನ ಕಥೆ ಹೇಳಬೇಡ’, ‘ಅದೊಂದು ಅಡುಗೂಲಜ್ಜಿ ಕಥೆ’, ‘ಸುಮ್ಮನೆ ಕಥೆ ಕಟ್ಟಬೇಡ’ ಎಂದೆಲ್ಲ ನಾವು ಹೇಳುತ್ತೇವೆ. ಆದರೆ ಯಾರ ಮದುವೆಯನ್ನಾದರೂ ‘ಅಡುಗೂಲಜ್ಜಿ ಕಥೆಯಂತಹ ಮದುವೆ’ ಎಂದು ಹೊಗಳಲು ನಮಗೆ ಬರುವುದಿಲ್ಲ. ಕನ್ನಡದ ಮಾತುಗಳು ಕಥೆಯ ನಂಬಲಾಗದ ಗುಣವನ್ನು ಮಾತ್ರ ಹಿಡಿದವು, ಇಂಗ್ಲಿಷಿನದು ಅದರ ಸೊಗಸನ್ನೂ ಹಿಡಿಯಿತು. ಹೀಗಾಗಿ ಇಂಗ್ಲಿಷಿನಲ್ಲಿ ‘ಯುವರ್ ಪ್ಲಾನ್ ಈಸ್ ಎ ಫೇರಿ ಟೇಲ್’ ಎಂದು ಹೊಗಳುವ ಉದ್ದೇಶದಿಂದ ಬರೆದವರ ಪತ್ರ ಅವಮಾನವಾಗಿ ಓದಿಸಿಕೊಳ್ಳುತ್ತದೆ. ಸಂದೇಹವಿದ್ದಾಗ ವಿಶೇಷಣವಾಗಿಯೇ ಬಳಸುವುದು ಕ್ಷೇಮ.

ಮುಕ್ತಾಯದ ಗಳಿಗೆಯೋ, ಆಮೇಲಿನ ಬಾಳೋ

‘ಫೇರಿ ಟೇಲ್ ಎಂಡಿಂಗ್’ ಮತ್ತು ‘ಹ್ಯಾಪಿಲಿ ಎವರ್ ಆಫ್ಟರ್’ ಎರಡನ್ನೂ ನಾವು ‘ಸುಖಾಂತ್ಯ’ ಎಂದು ಅನುವಾದಿಸಿಬಿಡುತ್ತೇವೆ. ಎರಡೂ ಒಂದೇ ಪುಟದಿಂದ ಬಂದಿವೆ, ನಿಜ. ಆದರೆ ಮೊದಲನೆಯದು ಮುಕ್ತಾಯದ ಆ ಗಳಿಗೆಯನ್ನು ಹೇಳುತ್ತದೆ, ಎರಡನೆಯದು ಆ ಗಳಿಗೆಯ ಆಚೆಗಿನ ದೀರ್ಘ ಬಾಳನ್ನು ಹೇಳುತ್ತದೆ.

ಟೆನಿಸ್ ಆಟಗಾರ ಪೀಟ್ ಸಾಂಪ್ರಸ್ 2002ರ ಯುಎಸ್ ಓಪನ್ ಫೈನಲ್‌ನಲ್ಲಿ ಆಂಡ್ರೆ ಅಗಾಸಿಯನ್ನು ಸೋಲಿಸಿ 14ನೆಯ ಗ್ರ್ಯಾಂಡ್ ಸ್ಲಾಮ್ ಗೆದ್ದರು. ಆಮೇಲೆ ವೃತ್ತಿಪರ ಟೂರಿನಲ್ಲಿ ಇನ್ನೊಂದು ಪಂದ್ಯವನ್ನೂ ಆಡದೆ ನಿವೃತ್ತರಾದರು. ಇದು ‘ಫೇರಿ ಟೇಲ್ ಎಂಡಿಂಗ್’ ಎಂಬುದಕ್ಕೆ ಅಚ್ಚುಕಟ್ಟಾದ ಉದಾಹರಣೆ. ಇದರ ಎದುರು ಡೊನಾಲ್ಡ್ ಬ್ರಾಡ್ಮನ್ ಅವರದನ್ನು ಇಡಬಹುದು. 1948ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ತಮ್ಮ ಕೊನೆಯ ಟೆಸ್ಟ್ ಆಡಲು ಬಂದಾಗ, ಅವರ ಸರಾಸರಿ ಸರಿಯಾಗಿ 100 ಆಗಲು ಬೇಕಿದ್ದುದು ಕೇವಲ 4 ರನ್. ಎರಿಕ್ ಹಾಲಿಸ್ ಅವರ ಎರಡನೆಯ ಎಸೆತಕ್ಕೇ ಅವರು ಬೌಲ್ಡ್ ಆದರು, ಸರಾಸರಿ 99.94ಕ್ಕೆ ನಿಂತಿತು. ಇಂತಹ ಸಂದರ್ಭಕ್ಕೆ ಇಂಗ್ಲಿಷ್ ಪತ್ರಿಕೆಗಳ ಒಗ್ಗಿದ ಮಾತು ‘ನೋ ಫೇರಿ ಟೇಲ್ ಎಂಡಿಂಗ್’. ಈ ನಿಷೇಧ ರೂಪವನ್ನು ಗಮನಿಸಿ ಕಲಿಯುವುದು ಒಳ್ಳೆಯದು, ಏಕೆಂದರೆ ಕ್ರೀಡಾ ವರದಿಗಳಲ್ಲಿ ಇದು ಆಗಾಗ ಕಣ್ಣಿಗೆ ಬೀಳುತ್ತದೆ. ಸೋತವರ ಬಗ್ಗೆ ಗೌರವ ಉಳಿಸಿಕೊಂಡೇ ಸೋಲನ್ನು ಹೇಳುವ ಬಗೆ ಇದು. ‘ಸೋತರು’ ಎನ್ನುವುದಕ್ಕಿಂತ ‘ಕಥೆಯಂತಹ ಮುಕ್ತಾಯ ಅವರಿಗೆ ದಕ್ಕಲಿಲ್ಲ’ ಎನ್ನುವುದರಲ್ಲಿ ಒಂದು ಮಮತೆಯಿದೆ.

‘ಹ್ಯಾಪಿಲಿ ಎವರ್ ಆಫ್ಟರ್’ ಹಾಗಲ್ಲ. ಇದು ಹೆಚ್ಚಾಗಿ ದಾಂಪತ್ಯಕ್ಕೆ, ಕೆಲವೊಮ್ಮೆ ಎರಡು ಕಂಪನಿಗಳ ಒಂದಾಗುವಿಕೆಯಂತಹ ಸಂಬಂಧಗಳಿಗೆ ಸಲ್ಲುತ್ತದೆ. ನಿವೃತ್ತನಾದ ಆಟಗಾರನಿಗೆ ಇದನ್ನು ಬಳಸಿದರೆ, ಅವನು ಕೊನೆಯ ಪಂದ್ಯ ಗೆದ್ದ ಎಂಬ ಅರ್ಥ ಬರುವುದಿಲ್ಲ, ನಿವೃತ್ತಿಯ ನಂತರ ನೆಮ್ಮದಿಯಾಗಿ ಬಾಳಿದ ಎಂಬ ಅರ್ಥ ಬರುತ್ತದೆ. ರನ್ಸಿ ಅವರ ಪ್ರವಚನವೂ ಈ ವ್ಯತ್ಯಾಸದ ಮೇಲೆಯೇ ನಿಂತಿತ್ತು ಎಂಬುದನ್ನು ಹಲವರು ಮರೆತಿದ್ದಾರೆ. ಫೇರಿ ಟೇಲ್‌ಗಳು ‘ಹ್ಯಾಪಿಲಿ ಎವರ್ ಆಫ್ಟರ್’ ಎಂಬಲ್ಲಿಗೆ ಮುಗಿಯುತ್ತವೆ, ಆದರೆ ತಮ್ಮ ಧರ್ಮದ ದೃಷ್ಟಿಯಲ್ಲಿ ಮದುವೆಯ ದಿನ ತಲುಪುವ ಜಾಗವಲ್ಲ, ನಿಜವಾದ ಸಾಹಸ ಆರಂಭವಾಗುವ ಜಾಗ ಎಂದು ಅವರು ಮುಂದುವರಿಸಿದ್ದರು. ಮೊದಲ ಸಾಲು ಮಾತ್ರ ಜನರ ನೆನಪಿನಲ್ಲಿ ಉಳಿಯಿತು.

ಸಿಂಡ್ರೆಲಾ: ಒಂದು ಹೆಸರು, ಮೂರು ದೃಶ್ಯಗಳು

ಈ ಗುಂಪಿನಲ್ಲಿ ಹೆಚ್ಚು ಎಚ್ಚರ ಬೇಡುವ ಹೆಸರು ಸಿಂಡ್ರೆಲಾ. ಇಂಗ್ಲಿಷರಿಗೆ ಪರಿಚಿತವಾದ ಕಥೆ ಮುಖ್ಯವಾಗಿ ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ರೂಪದಿಂದ ಬಂದದ್ದು. ಸಾರೋಟಾಗುವ ಕುಂಬಳಕಾಯಿ, ಗಾಜಿನ ಪಾದರಕ್ಷೆ, ಮಂತ್ರದಂಡ ಹಿಡಿದ ಫೇರಿ ಗಾಡ್‌ಮದರ್, ಇವೆಲ್ಲ ಆ ರೂಪದಲ್ಲಿವೆ. ಗ್ರಿಮ್ ಸೋದರರ ಜರ್ಮನ್ ರೂಪದಲ್ಲಿ ಕುಂಬಳಕಾಯಿಯೂ ಇಲ್ಲ, ಗಾಡ್‌ಮದರ್ ಕೂಡ ಇಲ್ಲ. ಅಲ್ಲಿ ಹುಡುಗಿಗೆ ನೆರವಾಗುವುದು ತಾಯಿಯ ಸಮಾಧಿಯ ಮೇಲೆ ಬೆಳೆದ ಮರ. ಇಂಗ್ಲಿಷಿನ ನುಡಿಗಟ್ಟುಗಳೆಲ್ಲ ಫ್ರೆಂಚ್ ರೂಪದಿಂದಲೇ ಹುಟ್ಟಿವೆ.

ಅಮೆರಿಕನ್ ಇಂಗ್ಲಿಷ್ ಈ ಕಥೆಯಿಂದ ಅರಮನೆಯ ನೃತ್ಯಕೂಟದ ದೃಶ್ಯವನ್ನು ಎತ್ತಿಕೊಂಡಿತು. ಯಾರೂ ಲೆಕ್ಕಕ್ಕೆ ಇಡದಿದ್ದ ಹುಡುಗಿ ದೊಡ್ಡವರ ಸಭೆಗೆ ಬಂದು ಎಲ್ಲರ ಕಣ್ಣು ಸೆಳೆಯುವ ಗಳಿಗೆ ಅದು. ಕಾಲೇಜು ಬ್ಯಾಸ್ಕೆಟ್‌ಬಾಲಿನ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕೆಳ ಶ್ರೇಯಾಂಕದ ತಂಡವೊಂದು ಬಲಾಢ್ಯರನ್ನು ಸೋಲಿಸಿದಾಗ ಅದು ‘ಸಿಂಡ್ರೆಲಾ ಟೀಮ್’ ಆಗುತ್ತದೆ. 2018ರ ಮಾರ್ಚ್‌ನಲ್ಲಿ 16ನೆಯ ಶ್ರೇಯಾಂಕದ ಮೇರಿಲ್ಯಾಂಡ್ ಬಾಲ್ಟಿಮೋರ್ ಕೌಂಟಿ ವಿಶ್ವವಿದ್ಯಾಲಯದ ತಂಡ, ಮೊದಲ ಶ್ರೇಯಾಂಕದ ವರ್ಜೀನಿಯಾವನ್ನು 74–54 ಅಂತರದಿಂದ ಸೋಲಿಸಿತು. ಪುರುಷರ ಪಂದ್ಯಾವಳಿಯಲ್ಲಿ ಹಾಗೆ ಆದದ್ದು ಅದೇ ಮೊದಲು. ಮುಂದಿನ ಪಂದ್ಯದಲ್ಲೇ ಆ ತಂಡ ಸೋತು ಹೊರಬಿತ್ತು. ಇಂತಹ ಸೋಲಿಗೂ ವರದಿಗಾರರ ಬಳಿ ಅದೇ ಕಥೆಯ ಮಾತು ಸಿದ್ಧವಾಗಿರುತ್ತದೆ: ‘ದಿ ಕ್ಲಾಕ್ ಸ್ಟ್ರಕ್ ಮಿಡ್‌ನೈಟ್’. ಕಥೆಯಲ್ಲಿ ಮಂತ್ರದ ಮಾಯೆ ಕರಗುವುದು ಮಧ್ಯರಾತ್ರಿಯ ಗಂಟೆ ಹೊಡೆದಾಗ. ಎಂದರೆ, ‘ಸಿಂಡ್ರೆಲಾ ಟೀಮ್’ ಎಂಬ ಹೊಗಳಿಕೆಯೊಳಗೆ ಇದು ಹೆಚ್ಚು ಕಾಲ ನಿಲ್ಲದು ಎಂಬ ಸೂಚನೆ ಮೊದಲೇ ಅಡಗಿದೆ. ಅಭಿನಂದನೆಯ ಪತ್ರ ಬರೆಯುವವರು ಇದನ್ನು ಮರೆಯಬಾರದು.

ಬ್ರಿಟಿಷ್ ಇಂಗ್ಲಿಷ್ ಕಥೆಯ ಆರಂಭದ ದೃಶ್ಯವನ್ನು, ಅಂದರೆ ಒಲೆಯ ಬೂದಿಯ ಬಳಿ ಕುಳಿತ ಹುಡುಗಿಯನ್ನು, ಎತ್ತಿಕೊಂಡಿತು. ಬ್ರಿಟನ್ನಿನಲ್ಲಿ ಮಾನಸಿಕ ಆರೋಗ್ಯ ಸೇವೆಯನ್ನು ‘ಸಿಂಡ್ರೆಲಾ ಸರ್ವಿಸ್’ ಎಂದು ಕರೆಯುವುದು ರೂಢಿ. ಅಲ್ಲಿ ಯಾವ ವಿಜಯದ ಮಾತೂ ಇಲ್ಲ. ಆರೋಗ್ಯ ವ್ಯವಸ್ಥೆಯ ಇತರ ಅಂಗಗಳಿಗೆ ಸಿಕ್ಕ ಹಣವೂ ಗಮನವೂ ಇದಕ್ಕೆ ಸಿಗಲಿಲ್ಲ, ಮಲಮಕ್ಕಳ ಹಾಗೆ ಮೂಲೆಗುಂಪಾಯಿತು ಎಂಬುದೇ ಅದರ ಅರ್ಥ. ಅಮೆರಿಕನ್ ಬಳಕೆಯನ್ನಷ್ಟೇ ಬಲ್ಲವರು ‘ಸಿಂಡ್ರೆಲಾ ಸರ್ವಿಸ್’ ಎಂಬುದನ್ನು ಓದಿ, ಅನಿರೀಕ್ಷಿತವಾಗಿ ಯಶಸ್ವಿಯಾದ ಸೇವೆ ಎಂದು ಅನುವಾದಿಸಿದರೆ ವರದಿಯ ಅರ್ಥವೇ ತಲೆಕೆಳಗಾಗುತ್ತದೆ. 2014ರಲ್ಲಿ ಮಕ್ಕಳ ಭಾವನಾತ್ಮಕ ನಿರ್ಲಕ್ಷ್ಯವನ್ನು ಅಪರಾಧವಾಗಿಸುವ ಕಾನೂನಿನ ಪ್ರಸ್ತಾಪ ಬಂದಾಗ, ಬ್ರಿಟಿಷ್ ಪತ್ರಿಕೆಗಳು ಅದನ್ನು ‘ಸಿಂಡ್ರೆಲಾ ಲಾ’ ಎಂದು ಕರೆದದ್ದೂ ಇದೇ ದೃಶ್ಯದ ಬಲದಿಂದ.

ಮೂರನೆಯ ದೃಶ್ಯ ಮಧ್ಯರಾತ್ರಿಯದು. ‘ಹತ್ತು ಗಂಟೆಗೆ ಹೊರಡದಿದ್ದರೆ ಐ ವಿಲ್ ಟರ್ನ್ ಇಂಟು ಎ ಪಂಪ್ಕಿನ್’ ಎಂದು ಒಬ್ಬರು ಹೇಳಿದರೆ, ತನಗೆ ನಿದ್ದೆ ಬರುತ್ತದೆ, ಇನ್ನು ಹೊರಡಬೇಕು ಎಂದಷ್ಟೇ ಅರ್ಥ. ಕಥೆಯಲ್ಲಿ ಕುಂಬಳಕಾಯಿಯಾಗಿ ಮರಳುವುದು ಸಾರೋಟು, ಹುಡುಗಿಯಲ್ಲ. ಮಾತಿನಲ್ಲಿ ಮಾತ್ರ ಮನುಷ್ಯರೇ ಕುಂಬಳಕಾಯಿಗಳಾಗುತ್ತಾರೆ. ಇದು ಗೆಳೆಯರ ನಡುವಿನ ಸಲಿಗೆಯ ಮಾತು, ಕಚೇರಿಯ ಪತ್ರಕ್ಕೆ ಸಲ್ಲದು.

ಈಗ ಹೋಲಿಕೆಯ ಮುಖ್ಯ ಭಾಗಕ್ಕೆ ಬರೋಣ. ‘ಸಿಂಡ್ರೆಲಾ ಸ್ಟೋರಿ’ ಮತ್ತು ‘ರ‍್ಯಾಗ್ಸ್ ಟು ರಿಚಸ್’ ಒಂದಕ್ಕೊಂದು ಬದಲಿಯಾಗಿ ಬಳಸಬಹುದಾದವು ಎಂಬ ನಂಬಿಕೆ ವ್ಯಾಪಕವಾಗಿದೆ. ‘ಚಿಂದಿಯಿಂದ ಸಿರಿಗೆ’ ಎಂದು ಅರ್ಥಕೊಡುವ ಎರಡನೆಯದು ಹಣದ ಮಾತು. ಅದಕ್ಕೆ ನಿಜವಾದ ಬಡತನ ಬೇಕು, ಕೊನೆಗೆ ನಿಜವಾದ ಸಂಪತ್ತು ಬೇಕು. ನಡುವೆ ಎಷ್ಟು ವರ್ಷಗಳಾದರೂ ಆಗಬಹುದು, ಆ ವರ್ಷಗಳ ದುಡಿಮೆಗೆ ಅದರಲ್ಲಿ ಜಾಗವಿದೆ. ‘ಸಿಂಡ್ರೆಲಾ ಸ್ಟೋರಿ’ಗೆ ಹಣ ಬೇಕಾಗಿಲ್ಲ. ಅದಕ್ಕೆ ಬೇಕಾದುದು ಕಡೆಗಣನೆ, ಹಠಾತ್ ತಿರುವು, ಮತ್ತು ಹೊರಗಿನಿಂದ ಒದಗಿಬಂದ ಅದೃಷ್ಟದ ಛಾಯೆ. ಸಿಂಡ್ರೆಲಾ ಒಳ್ಳೆಯವಳು, ತಾಳ್ಮೆಯವಳು. ಆದರೆ ಅವಳನ್ನು ಅರಮನೆಗೆ ಕಳುಹಿಸಿದ್ದು ಅವಳ ದುಡಿಮೆಯಲ್ಲ, ಗಾಡ್‌ಮದರ್‌ಳ ಮಂತ್ರದಂಡ. ಇಪ್ಪತ್ತು ವರ್ಷ ಹಗಲಿರುಳು ದುಡಿದು ಉದ್ಯಮ ಕಟ್ಟಿದ ಮಹಿಳೆಯನ್ನು ‘ಸಿಂಡ್ರೆಲಾ ಸ್ಟೋರಿ’ ಎಂದು ಪರಿಚಯಿಸಿದರೆ, ಅವರ ಶ್ರಮವನ್ನು ಒರೆಸಿಹಾಕಿ ಅಲ್ಲೊಂದು ಮಂತ್ರದಂಡವನ್ನು ಇಟ್ಟಂತಾಗುತ್ತದೆ. ಇಂತಹ ಪರಿಚಯಗಳನ್ನು ವೇದಿಕೆಗಳಲ್ಲಿ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗಿದೆ. ಆ ಜಾಗದಲ್ಲಿ ‘ಸೆಲ್ಫ್ ಮೇಡ್’ ಎಂಬ ಸಾದಾ ಮಾತೇ ಹೆಚ್ಚು ನ್ಯಾಯವಾದದ್ದು.

ಎರಡೂ ಒಟ್ಟಿಗೆ ಹೊಂದುವ ಅಪರೂಪದ ಬದುಕೂ ಇದೆ. ಅಮೆರಿಕದ ಮುಷ್ಟಿಯುದ್ಧದ ಆಟಗಾರ ಜೇಮ್ಸ್ ಬ್ರಾಡಕ್ 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಎಲ್ಲವನ್ನೂ ಕಳೆದುಕೊಂಡು, ಹಡಗುಕಟ್ಟೆಯಲ್ಲಿ ಕೂಲಿ ಮಾಡಿ, ಸರ್ಕಾರದ ಪರಿಹಾರ ಧನದಿಂದ ಮನೆ ನಡೆಸಿದವರು. 1935ರ ಜೂನ್ 13ರಂದು ಅವರು ಮ್ಯಾಕ್ಸ್ ಬೇರ್ ಅವರನ್ನು ಸೋಲಿಸಿ ಹೆವಿವೇಟ್ ವಿಶ್ವ ಚಾಂಪಿಯನ್ ಆದರು. ಪತ್ರಕರ್ತ ಡೇಮನ್ ರನ್ಯನ್ ಅವರಿಗೆ ಕೊಟ್ಟ ಹೆಸರು ‘ಸಿಂಡ್ರೆಲಾ ಮ್ಯಾನ್’. ಗಂಡಸರಿಗೂ ತಂಡಗಳಿಗೂ ಈ ಹೆಸರು ಮುಜುಗರವಿಲ್ಲದೆ ಸಲ್ಲುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. 2015–16ರಲ್ಲಿ 5000ಕ್ಕೆ 1ರ ಬಾಜಿಯ ದರವಿದ್ದ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದಾಗ ಬ್ರಿಟಿಷ್ ಬರಹಗಾರರಿಗೆ ಮೊದಲು ಒದಗಿದ ಮಾತು ‘ಫೇರಿ ಟೇಲ್’. ಒಂದೇ ಬಗೆಯ ಗೆಲುವಿಗೆ ಸಾಗರದ ಒಂದು ದಡದಲ್ಲಿ ಒಂದು ಮಾತು, ಇನ್ನೊಂದು ದಡದಲ್ಲಿ ಇನ್ನೊಂದು ಹೆಚ್ಚು ಸಹಜ. ಬ್ರಿಟಿಷ್ ಓದುಗರಿಗೆ ಬರೆಯುವಾಗ ಗೆಲುವಿಗೆ ‘ಫೇರಿ ಟೇಲ್’ ಎಂಬುದನ್ನು ಆರಿಸಿ, ‘ಸಿಂಡ್ರೆಲಾ’ಳನ್ನು ಕಡೆಗಣನೆಗೆ ಉಳಿಸಿಕೊಳ್ಳುವುದು ಗೊಂದಲವಿಲ್ಲದ ದಾರಿ.

ಬಾತುಮರಿಯ ಗುಟ್ಟು

‘ಅಗ್ಲಿ ಡಕ್ಲಿಂಗ್’ ಸಹ ಕಡೆಗಣಿಸಲ್ಪಟ್ಟವರ ಕಥೆಯೇ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1843ರಲ್ಲಿ ಪ್ರಕಟಿಸಿದ ಈ ಕಥೆಗೂ ಸಿಂಡ್ರೆಲಾಳ ಕಥೆಗೂ ಇರುವ ಅಂತರ ಒಂದೇ ಮಾತಿನಲ್ಲಿ ಹೇಳಬಹುದಾದದ್ದು: ಇಲ್ಲಿ ಮಂತ್ರದಂಡವಿಲ್ಲ. ಮರಿಯನ್ನು ಯಾರೂ ಹಂಸವನ್ನಾಗಿ ಮಾಡಲಿಲ್ಲ. ಅದು ಮೊಟ್ಟೆಯಿಂದಲೇ ಹಂಸವಾಗಿತ್ತು, ಬಾತುಗಳ ನಡುವೆ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ, ಅದಕ್ಕೂ ಗೊತ್ತಿರಲಿಲ್ಲ. ಆದ್ದರಿಂದ ಒಳಗಿದ್ದ ಗುಣ ಕಾಲಕ್ರಮದಲ್ಲಿ ಹೊರಗೆ ಕಾಣಿಸಿಕೊಂಡಾಗ ‘ಅಗ್ಲಿ ಡಕ್ಲಿಂಗ್’, ಹೊರಗಿನ ಅವಕಾಶ ಒದಗಿ ಸ್ಥಿತಿ ಬದಲಾದಾಗ ‘ಸಿಂಡ್ರೆಲಾ’. ಯಾರೂ ಕೊಳ್ಳಲೊಲ್ಲದ ಜಮೀನಿನಲ್ಲಿ ಖನಿಜ ಸಿಕ್ಕಿದರೆ, ನಷ್ಟದಲ್ಲಿದ್ದ ವಿಭಾಗವೇ ಕಂಪನಿಯ ಆಧಾರವಾದರೆ, ಮೊದಲನೆಯದು ಹೊಂದುತ್ತದೆ.

ಇದರ ಹತ್ತಿರದ ಬಂಧು ‘ಲೇಟ್ ಬ್ಲೂಮರ್’, ಅಂದರೆ ತಡವಾಗಿ ಅರಳಿದವರು. ಅದರಲ್ಲಿ ನೋಯಿಸುವ ವಿಶೇಷಣವಿಲ್ಲ. ‘ಅಗ್ಲಿ’ ಎಂಬ ಪದ ನುಡಿಗಟ್ಟಿನ ಒಳಗೆ ಬಂದರೂ ಅಗ್ಲಿಯೇ; ಮುಂದೆ ಹಂಸವಾಗುತ್ತಾಳೆ ಎಂಬ ಭರವಸೆಯಿಂದ ಇಂದಿನ ಹುಡುಗಿಯನ್ನು ಹಾಗೆ ಕರೆದರೆ ಅವಳಿಗೆ ಕೇಳಿಸುವುದು ಮೊದಲ ಪದ ಮಾತ್ರ. ತನ್ನ ಬಗ್ಗೆ ತಾನೇ, ಭೂತಕಾಲದಲ್ಲಿ, ಹೇಳಿಕೊಳ್ಳಲು ಇದು ತಕ್ಕ ಮಾತು. ಇತರರ ಬಗ್ಗೆಯಾದರೆ ‘ಲೇಟ್ ಬ್ಲೂಮರ್’ ಎಂಬುದನ್ನೇ ಆರಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಅರಸನ ಬಟ್ಟೆ ಮತ್ತು ಕೋಣೆಯ ಆನೆ

ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದ ಸಂಗತಿಗೆ ಇಂಗ್ಲಿಷಿನಲ್ಲಿ ಎರಡು ಪ್ರಸಿದ್ಧ ಮಾತುಗಳಿವೆ. ಅವುಗಳಲ್ಲಿ ‘ದಿ ಎಂಪರರ್ ಹ್ಯಾಸ್ ನೋ ಕ್ಲೋದ್ಸ್’ ಕಥೆಯಿಂದ ಬಂದದ್ದು, ‘ದಿ ಎಲಿಫೆಂಟ್ ಇನ್ ದಿ ರೂಮ್’ ಕಥೆಯದ್ದಲ್ಲ. ಮೌನ ಎರಡರಲ್ಲೂ ಇದೆ. ಮೌನದ ಬಗೆ ಬೇರೆ.

ಆಂಡರ್ಸನ್ 1837ರಲ್ಲಿ ಬರೆದ ಕಥೆಯಲ್ಲಿ ಇಬ್ಬರು ಮೋಸಗಾರರು, ಹುದ್ದೆಗೆ ಅರ್ಹರಲ್ಲದವರಿಗೂ ದಡ್ಡರಿಗೂ ಕಾಣದ ಬಟ್ಟೆಯನ್ನು ನೇಯುತ್ತೇವೆ ಎನ್ನುತ್ತಾರೆ. ಈ ಕಥೆಯ ಹಿಂದೆ 14ನೆಯ ಶತಮಾನದ ಸ್ಪ್ಯಾನಿಷ್ ಲೇಖಕ ಹ್ವಾನ್ ಮಾನ್ವೆಲ್ ಹೇಳಿದ ಕಥೆಯಿದೆ. ಅದರಲ್ಲಿ ಬಟ್ಟೆ ಕಾಣದಿರುವುದು ತಮ್ಮ ತಂದೆಗೆ ಹುಟ್ಟದವರಿಗೆ. ಎರಡರಲ್ಲೂ ಜನ ಬಾಯಿಮುಚ್ಚಿ ಕುಳಿತವರಲ್ಲ. ಇಲ್ಲದ ಬಟ್ಟೆಯನ್ನು ಅವರು ಬಾಯಿತುಂಬ ಹೊಗಳುತ್ತಾರೆ, ಏಕೆಂದರೆ ಹೊಗಳದಿದ್ದರೆ ತಮ್ಮ ಮರ್ಯಾದೆಯೇ ಹೋಗುತ್ತದೆ. ಈ ಹೊಗಳಿಕೆ ಇಲ್ಲದ ಕಡೆ ಈ ನುಡಿಗಟ್ಟು ನಿಲ್ಲುವುದಿಲ್ಲ. ತಜ್ಞರೆಲ್ಲ ಮೆಚ್ಚಿದ ಸಿದ್ಧಾಂತ ಟೊಳ್ಳಾಗಿದ್ದರೆ, ಎಲ್ಲರೂ ಕೊಂಡಾಡುವ ನಾಯಕನಲ್ಲಿ ಹುರುಳಿಲ್ಲದಿದ್ದರೆ, ಅಲ್ಲಿ ಅರಸ ಬೇಕು. ಕುಟುಂಬದ ಊಟದ ಮೇಜಿನ ಸುತ್ತ ಕುಳಿತವರು ಒಬ್ಬರ ಕುಡಿತದ ಬಗ್ಗೆ ಮಾತೆತ್ತದೆ ಬೇರೇನೋ ಮಾತಾಡುತ್ತಿದ್ದರೆ, ಅಲ್ಲಿ ಯಾರೂ ಯಾವುದನ್ನೂ ಹೊಗಳುತ್ತಿಲ್ಲ; ಅಲ್ಲಿ ಬೇಕಾದದ್ದು ಆನೆ. ಆನೆ ನಿಜವಾಗಿ ಇರುವುದು, ಆದರೆ ಕಾಣದಂತೆ ನಟಿಸಲ್ಪಡುವುದು. ಅರಸನ ಬಟ್ಟೆ ಇಲ್ಲದ್ದು, ಆದರೆ ಕಂಡಂತೆ ನಟಿಸಲ್ಪಡುವುದು. ಈ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಆಯ್ಕೆಯಲ್ಲಿ ತಪ್ಪುವ ಸಂಭವವಿಲ್ಲ.

ಈ ನುಡಿಗಟ್ಟಿಗೆ ಎರಡು ರೂಪಗಳಿವೆ ಎಂಬುದನ್ನೂ ನೋಡಬೇಕು. ‘ದಿ ಎಂಪರರ್ಸ್ ನ್ಯೂ ಕ್ಲೋದ್ಸ್’ ಎಂಬುದು ಆ ಟೊಳ್ಳು ವಸ್ತುವಿನ ಹೆಸರು. ‘ದಿ ಎಂಪರರ್ ಹ್ಯಾಸ್ ನೋ ಕ್ಲೋದ್ಸ್’ ಎಂಬುದು ಅದನ್ನು ಬಯಲು ಮಾಡುವ ಮಗುವಿನ ಕೂಗು. ಮೊದಲನೆಯದನ್ನು ಬಳಸುವವರು ವಿವರಿಸುತ್ತಿರುತ್ತಾರೆ, ಎರಡನೆಯದನ್ನು ಬಳಸುವವರು ತಾವೇ ಆ ಮಗುವಿನ ಜಾಗದಲ್ಲಿ ನಿಲ್ಲುತ್ತಾರೆ. ಹಾಗೆ ನಿಲ್ಲಲು ಧೈರ್ಯ ಬೇಕು, ಮತ್ತು ತಾನು ಸರಿ ಎಂಬ ಖಾತ್ರಿಯೂ ಬೇಕು. ಆಂಡರ್ಸನ್ ಕಥೆಯಲ್ಲಿ ಮಗು ಕೂಗಿದ ಮೇಲೂ ಮೆರವಣಿಗೆ ನಿಲ್ಲುವುದಿಲ್ಲ ಎಂಬುದು ನನ್ನನ್ನು ಪ್ರತಿ ಓದಿನಲ್ಲೂ ಕಾಡಿದೆ. ಅರಸನಿಗೆ ನಿಜ ಹೊಳೆದರೂ ಇನ್ನಷ್ಟು ಬಿಗುವಿನಿಂದ ನಡೆಯುತ್ತಾನೆ, ಸೇವಕರು ಇಲ್ಲದ ಸೆರಗನ್ನು ಎತ್ತಿಹಿಡಿದೇ ಸಾಗುತ್ತಾರೆ. ನುಡಿಗಟ್ಟು ಈ ಕೊನೆಯ ದೃಶ್ಯವನ್ನು ಬಿಟ್ಟುಕೊಟ್ಟು, ಕೂಗನ್ನು ಮಾತ್ರ ಉಳಿಸಿಕೊಂಡಿತು.

‘ಕ್ರೈ ವುಲ್ಫ್’ ಎಂಬುದನ್ನು ಇದರೊಡನೆ ಬೆರೆಸುವವರಿದ್ದಾರೆ, ಬಹುಶಃ ಎರಡರಲ್ಲೂ ಕೂಗುವ ಹುಡುಗನಿರುವುದರಿಂದ. ಅದು ಈಸೋಪನ ನೀತಿಕಥೆಯದು, ನಮ್ಮ ‘ತೋಳ ಬಂತು ತೋಳ’ ಎಂಬುದೇ. ಅಲ್ಲಿ ಕೂಗುವವನು ಸುಳ್ಳುಗಾರ, ಇಲ್ಲಿ ಕೂಗುವ ಮಗು ಸತ್ಯವಾದಿ.

ಇನ್ನು ಕೆಲವು

‘ಗೋಲ್ಡಿಲಾಕ್ಸ್’ ಎಂದರೆ ಅತ್ತ ಹೆಚ್ಚೂ ಅಲ್ಲದ, ಇತ್ತ ಕಡಿಮೆಯೂ ಅಲ್ಲದ ಹದ. ಮೂರು ಕರಡಿಗಳ ಮನೆಯಲ್ಲಿ ಮೂರನೆಯ ಗಂಜಿ ಮಾತ್ರ ಹದವಾಗಿದ್ದ ದೃಶ್ಯ ಇದರ ಮೂಲ. 1837ರಲ್ಲಿ ರಾಬರ್ಟ್ ಸದೀ ಈ ಕಥೆಯನ್ನು ಅಚ್ಚು ಮಾಡಿಸಿದಾಗ ಮನೆಗೆ ನುಗ್ಗಿದವಳು ಒಬ್ಬ ಮುದುಕಿಯಾಗಿದ್ದಳು. ಚಿನ್ನದ ಕೂದಲಿನ ಹುಡುಗಿ ಆಮೇಲೆ ಬಂದವಳು. ಖಗೋಳ ವಿಜ್ಞಾನದಲ್ಲಿ ದ್ರವರೂಪದ ನೀರು ಇರಲು ಸಾಧ್ಯವಾಗುವಷ್ಟು ದೂರದಲ್ಲಿ ನಕ್ಷತ್ರದ ಸುತ್ತ ಇರುವ ವಲಯವನ್ನು ‘ಗೋಲ್ಡಿಲಾಕ್ಸ್ ಜೋನ್’ ಎಂದೂ, ಹಣದುಬ್ಬರವೂ ಕುಸಿತವೂ ಇಲ್ಲದ ಆರ್ಥಿಕ ಸ್ಥಿತಿಯನ್ನು ‘ಗೋಲ್ಡಿಲಾಕ್ಸ್ ಎಕಾನಮಿ’ ಎಂದೂ ಕರೆಯುತ್ತಾರೆ. ಇದನ್ನು ‘ಹ್ಯಾಪಿ ಮೀಡಿಯಂ’ ಎಂಬುದರೊಡನೆ ಬೆರೆಸಬಾರದು. ‘ಹ್ಯಾಪಿ ಮೀಡಿಯಂ’ ಎರಡು ಪಕ್ಷಗಳು ಮಾತಾಡಿ ತಲುಪುವ ರಾಜಿಯಾಗಬಹುದು; ಗೋಲ್ಡಿಲಾಕ್ಸ್‌ನಲ್ಲಿ ರಾಜಿಯಿಲ್ಲ, ಇರುವುದು ತಾನಾಗಿ ಕೂಡಿಬಂದ ಹದ. ಇದು ಸದಾ ವಸ್ತು ಅಥವಾ ಸ್ಥಿತಿಗೆ ಸಲ್ಲುವ ವಿಶೇಷಣ, ವ್ಯಕ್ತಿಗೆ ಅಲ್ಲ.

ವರಾನ್ವೇಷಣೆಯ ಮಾತಿನಲ್ಲಿ ‘ಪ್ರಿನ್ಸ್ ಚಾರ್ಮಿಂಗ್’ ಎಂದರೆ ಕನಸಿನ ಗಂಡು, ‘ನೈಟ್ ಇನ್ ಶೈನಿಂಗ್ ಆರ್ಮರ್’ ಎಂದರೆ ಕಷ್ಟದಲ್ಲಿ ಬಂದು ಕಾಪಾಡಿದವನು. ಮೊದಲನೆಯದಕ್ಕೆ ಆಪತ್ತು ಬೇಕಿಲ್ಲ, ಎರಡನೆಯದಕ್ಕೆ ಪ್ರೇಮ ಬೇಕಿಲ್ಲ. ರಾಜಕುಮಾರ ಸಿಗುವ ಮುನ್ನ ಹಲವು ಕಪ್ಪೆಗಳಿಗೆ ಮುತ್ತಿಡಬೇಕಾಗುತ್ತದೆ ಎಂಬ ಮಾತು ಉದ್ಯೋಗ ಹುಡುಕುವವರಿಗೂ ಮನೆ ಹುಡುಕುವವರಿಗೂ ಸಲ್ಲುತ್ತದೆ. ಗ್ರಿಮ್ ಸೋದರರ ಕಪ್ಪೆಯ ಕಥೆಯಲ್ಲಿ ಮುತ್ತಿನ ಪ್ರಸ್ತಾಪವಿಲ್ಲ, ರಾಜಕುಮಾರಿ ಸಿಟ್ಟಿನಿಂದ ಕಪ್ಪೆಯನ್ನು ಗೋಡೆಗೆ ಬೀಸಿ ಎಸೆಯುತ್ತಾಳೆ. ವೆಬ್‌ಸೈಟ್‌ಗಳಲ್ಲಿ ಬಂದ ದಾರಿಯನ್ನು ತೋರಿಸುವ ‘ಬ್ರೆಡ್‌ಕ್ರಂಬ್’ ಎಂಬ ಹೆಸರೂ ಗ್ರಿಮ್ ಸೋದರರದೇ ಇನ್ನೊಂದು ಕಥೆಯದು, ಕಾಡಿನಲ್ಲಿ ಬಿಟ್ಟುಬಂದ ಹಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಅಣ್ಣತಂಗಿಯರದು. ಆ ಕಥೆಯಲ್ಲಿ ರೊಟ್ಟಿಯ ಚೂರುಗಳನ್ನು ಹಕ್ಕಿಗಳು ತಿಂದುಬಿಟ್ಟು ಮಕ್ಕಳು ದಾರಿ ತಪ್ಪುತ್ತಾರೆ, ಅವರನ್ನು ಮೊದಲು ಮನೆಗೆ ತಲುಪಿಸಿದ್ದು ಬೆಣಚುಕಲ್ಲುಗಳು.

ಕೊನೆಯದಾಗಿ, ಪೂರ್ವದ ಕಥೆಗಳಿಂದ ಇಂಗ್ಲಿಷಿಗೆ ಹೋದ ಒಂದು ಮಾತು. ‘ದಿ ಜೀನಿ ಈಸ್ ಔಟ್ ಆಫ್ ದಿ ಬಾಟಲ್’ ಎಂಬುದನ್ನೂ ‘ಪ್ಯಾಂಡೋರಾಸ್ ಬಾಕ್ಸ್’ ಎಂಬುದನ್ನೂ ಪರಮಾಣು ಶಕ್ತಿ, ಕೃತಕ ಬುದ್ಧಿಮತ್ತೆಯಂತಹ ವಿಷಯಗಳ ಚರ್ಚೆಯಲ್ಲಿ ಜೊತೆಜೊತೆಗೇ ಕಾಣುತ್ತೇವೆ. ಗ್ರೀಕ್ ಪುರಾಣದ ಪ್ಯಾಂಡೋರಾ ತೆರೆದದ್ದರಿಂದ ಹೊರಬಂದದ್ದು ಹಲವು ಕೇಡುಗಳು. ಹೀಗಾಗಿ ಒಂದು ಕೆಲಸದಿಂದ ನಾನಾ ತೊಂದರೆಗಳು ಹೊರಬೀಳುತ್ತವೆ ಎನ್ನಲು ಅದು ಸರಿ. ಬಾಟಲಿಯ ಜೀನಿ ಒಂದೇ, ಅದು ಕೇಡೇ ಆಗಿರಬೇಕೆಂದಿಲ್ಲ. ಅಲ್ಲಿ ಒತ್ತು ಬೀಳುವುದು ಬಿಟ್ಟದ್ದನ್ನು ಮರಳಿ ಹಿಡಿಯಲಾಗದು ಎಂಬುದರ ಮೇಲೆ. ಪತ್ರಿಕೆಗೆ ಸೋರಿಹೋದ ಗುಟ್ಟು, ಮಾರುಕಟ್ಟೆಗೆ ಬಂದ ಹೊಸ ತಂತ್ರಜ್ಞಾನ, ಇವಕ್ಕೆ ಜೀನಿಯೇ ತಕ್ಕದ್ದು. ‘ಪುಟ್ ದಿ ಜೀನಿ ಬ್ಯಾಕ್ ಇನ್ ದಿ ಬಾಟಲ್’ ಎಂಬ ರೂಪ ಹೆಚ್ಚಾಗಿ ‘ಕಾಂಟ್’ ಎಂಬ ನಿಷೇಧದ ಜೊತೆಗೇ ಬರುತ್ತದೆ. ‘ಸಾವಿರದ ಒಂದು ರಾತ್ರಿಗಳು’ ಸಂಗ್ರಹದಲ್ಲಿರುವ ಬೆಸ್ತನ ಕಥೆಯಲ್ಲಾದರೋ, ಇಷ್ಟು ದೊಡ್ಡ ದೇಹ ಇಷ್ಟು ಚಿಕ್ಕ ಪಾತ್ರೆಯಲ್ಲಿ ಹಿಡಿಸಿತ್ತೆಂದು ನಾನು ನಂಬಲಾರೆ ಎಂದು ಬೆಸ್ತ ಹೇಳುತ್ತಾನೆ, ಜೀನಿ ತೋರಿಸಲೆಂದು ಒಳಗೆ ಇಳಿಯುತ್ತದೆ, ಬೆಸ್ತ ಮುಚ್ಚಳ ಹಾಕಿಬಿಡುತ್ತಾನೆ.